ಬೇಗಡೆ ಕಿರೀಟದ ಪಕ್ಕದ ಚೀಟಿ

ಕಳೆದ ಭಾನುವಾರ ಮ್ಯೂಸಿಯಂನವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಪ್ಪಯ್ಯ ಹವ್ಯಾಸಿ ಯಕ್ಷಗಾನ ವೇಷಧಾರಿ. ಅವರು ಹೋದ ಮೇಲೆ ಕಿರೀಟ, ಭುಜಕೀರ್ತಿ, ಎದೆಕಟ್ಟು ಅಟ್ಟದಲ್ಲಿ ಗೆದ್ದಲಿನ ದಾರಿ ಕಾಯುತ್ತಿದ್ದವು. ಮ್ಯೂಸಿಯಂಗೆ ಕೊಟ್ಟೆ. ಹಗುರ ಮರ ಕೆತ್ತಿ, ಮೇಲೆ ಹೊಳೆಯುವ ಬೇಗಡೆ ಹಾಳೆ ಅಂಟಿಸಿ ಅವನ್ನು ಮಾಡಿದ್ದು ಸಾಲಿಗ್ರಾಮದ ಬೇಗಡೆ ಅಣ್ಣಯ್ಯ. ಈಗ ಎಂಬತ್ತು ದಾಟಿದೆ. "ನನ್ ಕಿರೀಟ ಒಂದ್ಸಲ ಕಾಣ್ಕಿತ್ತ್" ಎಂದರು. ಕಾರಿನಲ್ಲಿ ಕರೆದೊಯ್ದೆ.

ಬೆಳ್ಳಿಯ ಅತ್ತರುದಾನಿ, ಕೆತ್ತನೆಯ ತೊಟ್ಟಿಲು, ಅವುಗಳ ನಡುವೆ ನಮ್ಮ ಕಿರೀಟ. ಅಣ್ಣಯ್ಯನ ಮುಖ ಅರಳಿತು. ಪಕ್ಕದಲ್ಲೊಂದು ಚೀಟಿ.

"ಕನ್ನಡ್ಕ ಮನಿಯಗೇ ಬಾಕಿ ಆಯ್ತ್. ಎಂತ ಬರ್ದಿರ್? ಓದಿ ಹೇಳಿ ಕಾಂಬ."

ಓದಿದೆ. ದಾನಿ: ನನ್ನ ಹೆಸರು (ದಪ್ಪ ಅಕ್ಷರದಲ್ಲಿ, ಡಿಗ್ರಿ ಸಮೇತ). ತಯಾರಿಸಿದವರು: ತಿಳಿದಿಲ್ಲ.

ಮಾಡಿದ ಮನುಷ್ಯ ಗಾಜಿನೆದುರೇ ನಿಂತಿದ್ದಾರೆ, ತಿಳಿದಿಲ್ಲವಂತೆ! ಅಲ್ಲಿನ ಅಧಿಕಾರಿಯನ್ನು ಕರೆಸಿ ತರಾಟೆಗೆ ತೆಗೆದುಕೊಂಡೆ. ಪಾಪ, ಆತ ಫೈಲ್ ತಂದು ತೆರೆದ. "ಸಾರ್, ನೀವೇ ತುಂಬಿಸಿದ ಫಾರ್ಮ್."

ನನ್ನದೇ ಅಕ್ಷರ. ಆ ಕಾಲಂ ಮಾತ್ರ ಖಾಲಿ. ಆವತ್ತು ಗಡಿಬಿಡಿಯಲ್ಲಿ 'ಆಮೇಲೆ ಕೇಳಿದರಾಯ್ತು' ಅಂದುಕೊಂಡಿದ್ದೆ. ಕೇಳಿದ್ದು ಯಾರು?

"ಪರವಾಗಿಲ್ಲ ಸಾರ್, ಈಗಲೇ ತಿದ್ದೋಣ. ಇವರ ಹೆಸರು?"

"ಬೇಗಡೆ ಅಣ್ಣಯ್ಯ."

"ಅದಲ್ಲ ಸಾರ್. ನಿಜವಾದ ಹೆಸರು?"

ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಅವರ ಜಗಲಿಯಲ್ಲಿ ಕೂತು ಚಾ ಕುಡಿದವನು ನಾನು. ಹಿರಿಯರನ್ನು ಹೆಸರು ಹಿಡಿದು ಕರೆಯಬಾರದು ಎಂಬುದು ನಮ್ಮ ಊರಿನ ಮರ್ಯಾದೆ. (ಕೇಳದೇ ಇರುವುದಕ್ಕೆ ಎಷ್ಟು ಚೆಂದದ ನೆಪ!)

ಅಣ್ಣಯ್ಯ ನನ್ನ ಮುಖ ನೋಡಲಿಲ್ಲ. ಕಿರೀಟವನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು: "ನರಸಿಂಹ ಅಂದೇಳಿ ಬರ್ಕಣಿ. ಇವ್ರ್ ಅಪ್ಪಯ್ಯಂಗ್ ಗೊತ್ತಿದಿತ್."

ನಾಚಿಕೆಯಿಂದ ಭೂಮಿಗಿಳಿದುಹೋದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರು ಮಳೆ, ಮೇಳ, ಮಂಡಿನೋವು ಎಲ್ಲ ಮಾತಾಡಿದರು. ಹೆಸರಿನ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನನ್ನನ್ನು ನೋಡಿ ನಗಬೇಡಿ. ಬೆಳಿಗ್ಗೆ ನಿಮ್ಮ ಗೇಟಿನೆದುರು ಬುಟ್ಟಿ ಇಳಿಸಿ, ಬಂಗುಡೆ ಆರಿಸಿ ಕೊಡುತ್ತಾರಲ್ಲ ಆ ಮೀನಕ್ಕ, ಅವರ ಹೆಸರೇನು ಹೇಳಿ ನೋಡೋಣ?