ಒಲೆ ಮೇಲಿನ ನಾಲ್ಕು ಕಿಂಡಿ

ಅಡುಗೆಮನೆಯ ಬಿಳಿ ಟೈಲ್ಸು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂಟಿಸಿದವನು ನಾನೇ, ಇನ್ನು ಬೈಯುವುದು ಯಾರನ್ನು?

ಆಗ ನಾವು ದುಡಿಮೆಗೆಂದು ಗೋವಾಕ್ಕೆ ಬಂದು ಚಿಂಬಲ್‌ನಲ್ಲಿದ್ದೆವು. ನಾನು ಗೌಂಡಿ, ಗಾರೆ ಕೆಲಸದವನು. ಹೆಂಡತಿ ಪರ್ವರಿಯ ಒಂದು ಹಳೇ ಮನೆಯಲ್ಲಿ ಅಡುಗೆ, ಮುಸುರೆ ನೋಡಿಕೊಳ್ಳುತ್ತಿದ್ದಳು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಆ ಮನೆಗೆ ಗ್ಯಾಸು ಬಂತು. ಒಡತಿಗೆ ಅಡುಗೆಮನೆಯೂ ಹೊಸದಾಗಬೇಕು ಅನ್ನಿಸಿತು. ನನ್ನನ್ನು ಕರೆಸಲು ಹೇಳಿದವಳು ನನ್ನ ಹೆಂಡತಿಯೇ. ಅಷ್ಟು ದಿನ ಬೇರೆಯವರ ಕೈಕೆಳಗೆ ದುಡಿದವನಿಗೆ ಅದು ಸ್ವಂತದ ಮೊದಲ ಕೆಲಸ. ಕೊಂಬು ಬಂದಂತಾಯಿತು.

ಸೌದೆ ಒಲೆಯ ಮೇಲೆ ಗೋಡೆಯಲ್ಲಿ ನಾಲ್ಕು ಹೊಗೆಕಿಂಡಿಗಳಿದ್ದವು, ಮಸಿ ಹಿಡಿದು ಕಪ್ಪಾಗಿದ್ದವು. ಗ್ಯಾಸಿಗೆಲ್ಲಿಯ ಹೊಗೆ, ಇಲಿ ಬರುತ್ತವೆ, ಎಲ್ಲ ಮುಚ್ಚಿಬಿಡು ಎಂದಳು ಒಡತಿ. ನಮ್ಮ ಕಡೆಯ ಗೌಂಡಿಗಳಲ್ಲಿ ಒಂದು ರೂಢಿಯಿತ್ತು. ಅಡುಗೆಮನೆಯ ಕಿಂಡಿ ಮುಚ್ಚುವಾಗ ಒಂದರಲ್ಲಿ ಮಾತ್ರ ಗಾರೆ ಹಾಕದೆ ಬರೀ ಕಲ್ಲು ಕೂರಿಸುತ್ತಿದ್ದರು. ಬೇಕೆಂದಾಗ ಆ ಕಲ್ಲು ಒಂದೇ ಏಟಿಗೆ ಹೊರಬೀಳುತ್ತಿತ್ತು. ಅಪ್ಪ ಕಲಿಸಿದ್ದು. ಗೋವಾದವರ ಮುಂದೆ ಹಳ್ಳಿಯ ಕೆಲಸ ತೋರಿಸಲೇ ಎಂಬ ಸೊಕ್ಕು ನನಗೆ. ನಾಲ್ಕಕ್ಕೂ ಕೆಂಗಲ್ಲು ಜಡಿದು, ಸಿಮೆಂಟು ತುಂಬಿ, ಮೇಲೆ ಟೈಲ್ಸು ಅಂಟಿಸಿದೆ. ಹೆಂಚಿನ ಸಂದಿಯೂ ಕಾಣದಂತೆ ಕೆಳಗೆ ಹಲಗೆ ಹೊಡೆಸಿದ್ದಾಯಿತು. ಒಡತಿ ಗೋಡೆ ಸವರಿ ಹೊಗಳಿದಳು, ತನ್ನ ಅಣ್ಣನ ಹೊಸ ಮನೆಯ ಕೆಲಸವೂ ನನಗೇ ಎಂದಳು.

ಮಳೆಗಾಲದಲ್ಲಿ ಸಿಲಿಂಡರು ಹೊತ್ತಿಗೆ ಬರಲಿಲ್ಲ. ಇದ್ದ ಗ್ಯಾಸು ಚಹಾಕ್ಕೆ, ಬಂದವರಿಗೆ. ಕುಚ್ಚಲಕ್ಕಿ ಅನ್ನ ಬೇಯಲು ಹೊತ್ತು ಹಿಡಿಯುತ್ತದೆಂದು ಒಡತಿ ಅದೇ ಅಡುಗೆಮನೆಯ ಮೂಲೆಯಲ್ಲಿ ಮತ್ತೆ ಒಲೆ ಇಡಿಸಿದಳು. ಹಸಿ ಸೌದೆ. ಇರಚಲು ಹೊಡೆಯುತ್ತದೆಂದು ಕಿಟಕಿ ತೆರೆಯುವಂತಿಲ್ಲ. ಒಡತಿ ನಡುಮನೆಯ ಬಾಗಿಲೆಳೆದುಕೊಂಡು ಕೂರುತ್ತಿದ್ದಳು, ನನ್ನವಳು ಒಲೆಯ ಮುಂದೆ.

ಅವಳಿಗೆ ಕೆಮ್ಮು ಹಿಡಿಯಿತು. ಎದೆ ಸುಯ್‌ಗುಟ್ಟತೊಡಗಿತು. ಕೊಡ ಹೊತ್ತು ಮನೆಯ ಏರು ಹತ್ತುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದಳು.

“ಒಂದ ಕಿಂಡಿ ತೆಗೀರಿ,” ಎಂದಳು ಒಂದು ದಿನ. “ಒಂದ ಸಾಕು.”

ಉಳಿ, ಸುತ್ತಿಗೆ ಹಿಡಿದುಕೊಂಡೇ ಹೋದೆ. ಇಂಥ ಟೈಲ್ಸು ಮತ್ತೆ ಸಿಗುವುದಿಲ್ಲ, ಗೋಡೆ ಮುಟ್ಟಬೇಡ ಎಂದಳು ಒಡತಿ. ನಿನ್ನ ಹೆಂಡತಿಗೆ ಆಗದಿದ್ದರೆ ಬೇರೆಯವರು ಬರುತ್ತಾರೆ ಎಂದಳು. ಆಮೇಲೆ ಮೆತ್ತಗೆ ಅಣ್ಣನ ಮನೆಯ ಮಾತು ತೆಗೆದಳು, ಪಾಯ ಯಾವಾಗ ಹಾಕುತ್ತೀ ಎಂದು. ಒಂದೇ ಒಂದು ಟೈಲ್ಸು ಒಡೆದರೆ ಸಾಕಿತ್ತು. ಉಳಿ ಕೈಯಲ್ಲೇ ಇತ್ತು. ಥೂ, ನನ್ನ ಜನ್ಮಕ್ಕಿಷ್ಟು! ಮಳೆ ನಿಂತ ಕೂಡಲೇ ಪಾಯ ಹಾಕುತ್ತೇನೆ ಎಂದು ಹೇಳಿ ಬಂದೆ.

ಮಳೆಗಾಲ ಮುಗಿಯಲಿ ಎಂದು ಹೆಂಡತಿಗೆ ಸಮಾಧಾನ ಹೇಳಿದೆ. ಅವಳು ಇನ್ನೂ ಮೂರು ಮಳೆಗಾಲ ಆ ಒಲೆ ಊದಿದಳು. ಅಷ್ಟರಲ್ಲಿ ನಾನು ಅಣ್ಣನ ಮನೆ ಮುಗಿಸಿ, ಇನ್ನೆರಡು ಮನೆ ಹಿಡಿದು, ಮಂದಿಯ ಬಾಯಲ್ಲಿ ಮೇಸ್ತ್ರಿ ಅನ್ನಿಸಿಕೊಂಡಿದ್ದೆ.

ಕೊನೆಗೆ ಪಣಜಿಯ ಡಾಕ್ಟರು ಎದೆಯ ಫೋಟೋ ನೋಡಿ, ಇದು ಹೋಗುವ ಕಾಯಿಲೆಯಲ್ಲ, ಹೊಗೆಯಿಂದ ದೂರ ಇಡಿ ಎಂದರು. ಕೆಲಸ ಬಿಡಿಸಿದೆ. ಅಷ್ಟೊತ್ತಿಗೆ ಅವಳಿಗೆ ಕೂತಲ್ಲಿಂದ ಎದ್ದರೂ ಏದುಸಿರು. ನೋಡಲು ಬಂದ ನೆರೆಯವರು ಹೇಗಾಯಿತು ಎಂದು ಕೇಳುತ್ತಿದ್ದರು. ನಾನು ಏನಾದರೂ ನೆವ ಮಾಡಿ ಎದ್ದು ಹೊರಗೆ ಹೋಗುತ್ತಿದ್ದೆ. ಅದನ್ನವಳು ನೋಡಿದ್ದಳು. ಒಂದು ಮಧ್ಯಾಹ್ನ ಬಂದವರೆಲ್ಲ ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

“ಬಂದವರಿಗೆಲ್ಲ ಹಸಿ ಕಟ್ಟಿಗಿ ಹೊಗಿ ಅಂತ ಅಷ್ಟ ಹೇಳೇನ್ರಿ,” ಎಂದಳು, ನಡುನಡುವೆ ಉಸಿರು ಹುಡುಕುತ್ತ. “ಕಿಂಡಿ ನೀವು ಮುಚ್ಚಿದ್ದು ಯಾರಿಗೂ ಹೇಳಿಲ್ಲ. ಹೇಳಿದ್ರ ನಾಳಿ ನಿಮಗ ಯಾರು ಕೆಲಸ ಕೊಡತಾರ?”