ಒಂದು ತಿಂಗಳು ಕೂಡಿಸಿದವಳು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ವಯಸ್ಸು ನಲವತ್ತನಾಲ್ಕು, ಅನುಭವ ಇಪ್ಪತ್ತೊಂದು ವರ್ಷ, ಕುತ್ತಿಗೆ ನೋವು ಹನ್ನೆರಡು ವರ್ಷದ್ದು. ಜಾವಾ, ಪೈಥಾನ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಎಂದು ಏಳು ಭಾಷೆಗಳಲ್ಲಿ ಪ್ರೋಗ್ರಾಂ ಬರೆಯಬಲ್ಲವಳು. ಇಂಥವಳು ಒಬ್ಬಳಿದ್ದಾಳೆ ಎಂದು ಗೊತ್ತಾದರೆ ಯಾವ ಕಚೇರಿ ತಾನೇ ಸುಮ್ಮನೆ ಕೂರಲು ಬಿಟ್ಟೀತು? ಯಾರಾದರೂ ಕೆಲಸ ಬಿಟ್ಟರೆ ಅವರ ಅರೆಬರೆ ಕೋಡು ಅಕ್ಕನ ತಲೆಗೆ. ಎರಡು ವೆಬ್ ಸೇವೆಗಳು ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗದೆ ಮುನಿಸಿಕೊಂಡರೆ ಪಂಚಾಯಿತಿಗೂ ಅಕ್ಕನೇ. ಐದೇ ನಿಮಿಷದ ಕೆಲಸ ಎಂದು ಮ್ಯಾನೇಜರ್ ಬಂದು ನಿಂತರೆ, ಅವತ್ತಿನ ಊಟ ತಣ್ಣಗಾಯಿತೆಂದೇ ಲೆಕ್ಕ. ಅವಳಿಗೆ ಸಾಕಾಗಿಹೋಗಿತ್ತು, ಆದರೆ ಸಾಕು ಎನ್ನುವುದಕ್ಕೂ ಪುರುಸೊತ್ತಿರಲಿಲ್ಲ.

ಮನೆಯಲ್ಲಿ ಅಪ್ಪ ಇದ್ದರು, ಮುದ್ರಣಾಲಯದಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿದವರು. ಮಗಳಿಗೆ ಏಳು ಭಾಷೆ ಬರುತ್ತದೆಂದು ಕಂಡವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದರು. ಹಾಗಾದರೆ ಒಂದರಲ್ಲಿ ಎರಡು ಮಾತಾಡಿ ತೋರಿಸು ಎಂದು ಎದುರುಮನೆಯಾಕೆ ಗಂಟುಬಿದ್ದಾಗ ಅವಳು ನಕ್ಕು ಜಾರಿಕೊಂಡಿದ್ದಳು. ಅಪ್ಪನ ಎಡಗಣ್ಣು ಹೋಗಿ ಬಹಳ ಕಾಲವಾಗಿತ್ತು. ಉಳಿದ ಒಂದು ಕಣ್ಣಿಗೂ ಪೊರೆ ಬಂದಿತ್ತು. ತಡಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರೂ ಆಸ್ಪತ್ರೆಯ ಸರದಿಗೆ ಐದು ತಿಂಗಳು ಕಾಯಬೇಕಾಯಿತು. ಕೊನೆಗೂ ಫೆಬ್ರವರಿಯಲ್ಲಿ ಮೊಬೈಲಿಗೆ ಸಂದೇಶ ಬಂತು: ಏಪ್ರಿಲ್ ನಾಲ್ಕು, ಬೆಳಗ್ಗೆ ಏಳು ಗಂಟೆ.

ಅವತ್ತು ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಖಾಲಿ ಹೊಟ್ಟೆಯಲ್ಲಿ ಮಗಳ ಜೊತೆ ಹೊರಟರು. ಕೌಂಟರಿನವನು ಪರದೆ ನೋಡಿ, ನಿಮ್ಮದು ಮಾರ್ಚ್ ನಾಲ್ಕಕ್ಕಿತ್ತು, ನೀವು ಬರಲಿಲ್ಲ, ಈಗ ಹೆಸರು ಪಟ್ಟಿಯ ಕೊನೆಗೆ ಹೋಗಿದೆ, ಮತ್ತೆ ಐದು ತಿಂಗಳು ಎಂದ. ಅವಳು ಮೊಬೈಲ್ ಅವನ ಮೂಗಿನ ಮುಂದೆ ಹಿಡಿದು ಜಗಳಕ್ಕೇ ನಿಂತಳು.

"ಮೆಸೇಜ್ ಕಳ್ಸೋದು ನಾವಲ್ಲ ಮೇಡಂ, ಹೊರಗಿನ ಕಂಪನಿ" ಎಂದ ಅವನು.

ಆ ಕಂಪನಿ ಅವಳು ಕೆಲಸ ಮಾಡುತ್ತಿದ್ದದ್ದೇ. ಅವಳು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು.

ಅಪ್ಪನನ್ನು ಮನೆಗೆ ಬಿಟ್ಟು ಕಚೇರಿಗೆ ಹೋಗಿ ಹಳೆಯ ಬದಲಾವಣೆಗಳ ದಾಖಲೆ ತೆಗೆದಳು. ಯಾವ ಪುಣ್ಯಾತ್ಮ ಮಾಡಿದ ಘನಕಾರ್ಯವೋ, ಇವತ್ತು ಅವನಿಗೆ ಮಂಗಳಾರತಿ ಎಂದು ಬೈಗುಳವನ್ನೆಲ್ಲ ಹೊಂದಿಸಿಟ್ಟುಕೊಂಡಿದ್ದಳು. ಪರದೆಯ ಮೇಲೆ ಕಂಡದ್ದು ಅವಳದೇ ಹೆಸರು. ಫೆಬ್ರವರಿಯ ಒಂದು ದಿನ, ಬೆಳಗಿನಿಂದ ಜಾವಾಸ್ಕ್ರಿಪ್ಟ್‌ನಲ್ಲಿ ಮುಳುಗಿದ್ದವಳನ್ನು ಎಬ್ಬಿಸಿ ಮ್ಯಾನೇಜರ್ ಆಸ್ಪತ್ರೆಯ ಸಂದೇಶಕ್ಕೆ ದಿನಾಂಕ ಹೊಂದಿಸುವ ಈ ಐದು ನಿಮಿಷದ ಕೆಲಸ ಕೊಟ್ಟಿದ್ದ. ಜಾವಾಸ್ಕ್ರಿಪ್ಟ್ ತಿಂಗಳುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಅದಕ್ಕೆ ಜನವರಿಯೆಂದರೆ ಸೊನ್ನೆ, ಮನುಷ್ಯರಿಗೆ ತೋರಿಸುವಾಗ ಒಂದು ಕೂಡಿಸಬೇಕು. ಪೈಥಾನ್ ನಮ್ಮ ನಿಮ್ಮಂತೆ ಒಂದರಿಂದಲೇ ಎಣಿಸುತ್ತದೆ. ಆಸ್ಪತ್ರೆಯ ದಿನಾಂಕಗಳು ಬರುತ್ತಿದ್ದದ್ದು ಪೈಥಾನ್‌ನಿಂದ. ದಣಿದ ಕೈ ಅಭ್ಯಾಸಬಲದಿಂದ ಅಲ್ಲಿಯೂ ಒಂದು ಕೂಡಿಸಿಬಿಟ್ಟಿತ್ತು. ಎರಡು ದಿನದಲ್ಲಿ ಆ ಭಾಗವನ್ನೇ ಬೇರೆಯವರು ಹೊಸದಾಗಿ ಬರೆದದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳದೆ ಅಳಿಸಿಹೋಗಿತ್ತು. ಅಷ್ಟರಲ್ಲಿ ಅಪ್ಪನೂ ಸೇರಿ ನಲವತ್ತೊಂದು ಜನರಿಗೆ ಸಂದೇಶ ಹೋಗಿತ್ತು. ಈಗ ಸರಿಹೋಗಿದೆಯಲ್ಲ, ಮತ್ತೇಕೆ ಕೆದಕುತ್ತೀರಿ ಎಂದು ಮ್ಯಾನೇಜರ್ ಗೊಣಗಿದ.

ಸಂಜೆ ಅಪ್ಪ ಅದೇ ಅಂಗಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು.

"ಯಾರ ತಪ್ಪು ಅಂತ ಗೊತ್ತಾಯ್ತಾ?"

"ನಂದೇ ಅಪ್ಪ."

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಎಷ್ಟು ಜನಕ್ಕೆ ಹೀಗಾಗಿದೆ ಎಂದು ಕೇಳಿದರು. ಹೇಳಿದಳು.

"ಅವ್ರೆಲ್ಲ ಇನ್ನೂ ಕಾಯ್ತಾ ಇದಾರಾ? ಹಾಗಾದ್ರೆ ಇಲ್ಲಿ ಕೂತು ಅಳ್ಬೇಡ. ಮೊದ್ಲು ಅವರಿಗೆ ತಿಳ್ಸು."

ಮರುದಿನ ಅವಳು ಮ್ಯಾನೇಜರನ ಮುಖವನ್ನೂ ನೋಡದೆ ನೇರ ಆಸ್ಪತ್ರೆಯ ಮುಖ್ಯಸ್ಥೆಯ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಹೆಂಗಸು ಚೆನ್ನಾಗಿ ಬೈದು, ಆಮೇಲೆ ಕ್ಯಾಲೆಂಡರ್ ತಿರುವಿ, ತಿಂಗಳ ಕೊನೆಗೆ ಎರಡು ಭಾನುವಾರ ಹೆಚ್ಚುವರಿಯಾಗಿ ಶಸ್ತ್ರಚಿಕಿತ್ಸೆ ಇಟ್ಟುಕೊಳ್ಳುತ್ತೇವೆ ಎಂದರು. ದಿನಕ್ಕೆ ಇಪ್ಪತ್ತು ಜನ, ಅದಕ್ಕಿಂತ ಒಬ್ಬರೂ ಹೆಚ್ಚು ಸಾಧ್ಯವಿಲ್ಲ, ಹೆಸರುಗಳನ್ನು ನೀವೇ ಬರೆದುಕೊಡಿ ಎಂದರು.

ಅವಳು ಬರೆದುಕೊಟ್ಟಳು. ಮನೆಗೆ ಬಂದು ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿದಳು, ಒಬ್ಬೊಬ್ಬರ ಕ್ಷಮೆಯನ್ನೂ ಬೇರೆಬೇರೆಯಾಗಿ ಕೇಳಿದಳು. ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ನಲವತ್ತನೆಯ ಫೋನ್ ಮುಗಿದ ಮೇಲೆ ಅವಳು ಮೊಬೈಲ್ ಕೆಳಗಿಟ್ಟಳು. ಉಳಿದ ಒಂದು ಹೆಸರು ಯಾರದೆಂದು ಅಪ್ಪನಿಗೆ ತಿಳಿಯಿತು.

"ಸರಿಯಾಗಿ ಮಾಡ್ದೆ" ಎಂದರು.

ಆಮೇಲೆ, ಇನ್ನು ಐದು ತಿಂಗಳೆಂದರೆ ನನ್ನದು ಯಾವಾಗ ಬರುತ್ತದೆ ಎಂದು ಕೇಳಿದರು.

ಅವಳು ಬೆರಳು ಮಡಚಿ ಎಣಿಸಿದಳು. ಸೆಪ್ಟೆಂಬರ್ ಎಂದು ಬಾಯಿಗೆ ಬಂದದ್ದನ್ನು ತಡೆದು, ಮೊದಲಿನಿಂದ ಇನ್ನೊಮ್ಮೆ ಎಣಿಸಿದಳು.