ಹರಿಯದ ಚರ್ಮ

ಮನೆಯಲ್ಲಿ ಅವಳಿಗೆ ಪುಕ್ಕಲಿ ಎಂದೇ ಹೆಸರು. ಇಟ್ಟವಳು ಅಕ್ಕ. ಜಿರಳೆ ಕಂಡರೆ ಮಂಚ ಹತ್ತುವವಳು ಡಾಕ್ಟರ್ ಓದಲು ಹೊರಟಾಗ ಅಕ್ಕ ನಕ್ಕು ನಕ್ಕು ಸುಸ್ತಾಗಿದ್ದಳು. ಬರೀ ಪುಸ್ತಕ ಇದ್ದಷ್ಟು ದಿನ ಎಲ್ಲ ಸರಿಯಿತ್ತು ಬಿಡಿ. ಗಾಯಕ್ಕೆ ಹೊಲಿಗೆ ಹಾಕುವ ಸರದಿ ಹತ್ತಿರ ಬಂದಂತೆ ಪುಸ್ತಕ ಮುಚ್ಚಿಟ್ಟು ಅಕ್ಕನ ಹಿಂದೆ ಮುಂದೆ ಸುತ್ತತೊಡಗಿದಳು.

"ಇದೊಂದು ಬರದಿದ್ರೆ ಓದೇ ಬಿಟ್ಬಿಡ್ತೀನಿ ಅಕ್ಕ," ಎಂದಳು.

ಅಕ್ಕ ಅವಳನ್ನು ಆಸ್ಪತ್ರೆ ಸಾಮಾನಿನ ಅಂಗಡಿಗೆ ಎಳೆದುಕೊಂಡು ಹೋದಳು. ಸೂಜಿ ಹಿಡಿಯುವ ಇಕ್ಕಳ, ಚಿಮಟ, ಕತ್ತರಿ, ಬಾಗಿದ ಸೂಜಿಗೆ ಮೊದಲೇ ಕೂಡಿಸಿದ ಕಪ್ಪು ದಾರ, ಇವನ್ನೆಲ್ಲ ಆರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತೊಡಕಾದದ್ದು ಅಭ್ಯಾಸಕ್ಕೆಂದು ಚರ್ಮದ ಬದಲು ಹೊಲಿಯುವ ರಬ್ಬರ್ ಹಲಗೆಯಲ್ಲಿ. ಅಂಗಡಿಯವನು ಎರಡು ಬಗೆ ಮುಂದಿಟ್ಟ. ಒಂದು ತೆಳು. ಅಲ್ಲೇ ಒಂದು ಹೊಲಿಗೆ ಹಾಕಿ ಎಳೆದಳು ನೋಡಿ, ಪರ್ರನೆ ಹರಿಯಿತು. ಅವಳು ಅದನ್ನು ಅತ್ತ ಸರಿಸಿದಳು. ಇನ್ನೊಂದರ ಒಳಗೆ ಹರಿಯದಂತೆ ಹೆಣೆದ ಬಲೆಯಿತ್ತು. ಎಷ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ.

"ಬಲೆ ಇರೋದೇ ಕೊಡಿ."

"ಬಾಳಿಕೇನೂ ಬರುತ್ತೆ," ಎಂದಳು ಅಕ್ಕ.

ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಹೊಲಿದದ್ದೇ ಹೊಲಿದದ್ದು. ಗಂಟು ಸಡಿಲವಾದೀತೆಂಬ ದಿಗಿಲಿಗೆ ಬಿಗಿದೇ ಬಿಗಿದಳು. ತಪ್ಪನ್ನೆಲ್ಲ ಹಲಗೆ ಹೊಟ್ಟೆಗೆ ಹಾಕಿಕೊಂಡಿತು. ನೆಟ್ಟಗಿನ ಸಾಲು ನೋಡಿ, ಪಾಪ, ತನಗೆ ಬಂತೆಂದೇ ತಿಳಿದಳು.

ಆಸ್ಪತ್ರೆಯಲ್ಲಿ ಅವಳ ಮೊದಲ ರೋಗಿಯಾಗಿ ಬಂದವಳು ಬೇರಾರೂ ಅಲ್ಲ, ಅಕ್ಕನೇ. ಒಡೆದ ಕಿಟಕಿ ಗಾಜು ಎತ್ತಲು ಹೋಗಿ ಮುಂಗೈ ಸೀಳಿಕೊಂಡಿದ್ದಳು. ಹಿರಿಯ ಡಾಕ್ಟರು ತಾವೇ ಕೈಗವಸು ತೊಡಲು ಹೊರಟರೆ, "ಅವಳೇ ಹಾಕ್ಲಿ ಸರ್," ಎಂದು ಅಕ್ಕ ಹಟ ಹಿಡಿದಳು.

ಮರಗಟ್ಟಿಸುವ ಇಂಜೆಕ್ಷನ್ ಆಯಿತು. ಅವಳು ಇಕ್ಕಳ ಹಿಡಿದಳು. ಮೊದಲ ಹೊಲಿಗೆ ಹಾಕಿ, ರೂಢಿಯಂತೆ ಬಿಗಿದಳು. ಗಂಟಿನ ಸುತ್ತ ಚರ್ಮ ಸುಣ್ಣದಂತೆ ಬೆಳ್ಳಗಾಯಿತು. ದಾರ ಅಕ್ಕನ ಮಾಂಸಕ್ಕೆ ಕಚ್ಚಿ ಇಳಿಯುತ್ತಿತ್ತು.

"ರಕ್ತ ಓಡಾಡೋಕೆ ಜಾಗ ಬೇಡ್ವೇನಮ್ಮ? ಬಿಚ್ಚು," ಎಂದರು ಡಾಕ್ಟರು. "ಅಂಚು ಅಂಚಿಗೆ ಮುಟ್ಟಿದ್ರೆ ಸಾಕು."

"ನನ್ನಿಂದಾಗಲ್ಲ ಸರ್. ನೀವೇ ಹಾಕಿ." ಅವಳು ಇಕ್ಕಳ ಕೆಳಗಿಟ್ಟೇಬಿಟ್ಟಳು. ಕೆಳಗಿಟ್ಟದ್ದು ಇಕ್ಕಳವೊಂದನ್ನೇ ಅಲ್ಲ, ಓದನ್ನೂ ಎಂದು ಅಲ್ಲಿದ್ದವರಲ್ಲಿ ಅಕ್ಕನಿಗೆ ಮಾತ್ರ ಗೊತ್ತಿತ್ತು.

ಅಕ್ಕ ಕೈ ಹಿಂದಕ್ಕೆಳೆಯಲಿಲ್ಲ. ಬಾಯಿತೆರೆದ ಗಾಯ ಹಾಗೇ ಕಾಯುತ್ತಿತ್ತು. ಅದನ್ನು ನೋಡುತ್ತ ನಿಲ್ಲುವುದು ಹೊಲಿಯುವುದಕ್ಕಿಂತ ಕಷ್ಟವೆನಿಸಿತು ಅವಳಿಗೆ. ಗಂಟು ಕತ್ತರಿಸಿದಳು, ಮತ್ತೆ ಸೂಜಿ ಚುಚ್ಚಿದಳು, ಈ ಸಲ ಮೆಲ್ಲಗೆ ಎಳೆದಳು. ಚರ್ಮ ಬಣ್ಣಗೆಡಲಿಲ್ಲ. ಹೆದರುತ್ತಲೇ ಕೊನೆಯ ಹೊಲಿಗೆಯವರೆಗೂ ಹಾಕಿದಳು.

ಎಲ್ಲ ಮುಗಿದ ಮೇಲೆ, ತಾನು ತೊಟ್ಟ ಬಿಳಿ ಕೋಟಿನ ಅಂಚನ್ನು ಅಕ್ಕ ಇನ್ನೊಂದು ಕೈಯಲ್ಲಿ ಮುದ್ದೆಮಾಡಿ ಹಿಡಿದಿರುವುದು ಅವಳಿಗೆ ಕಂಡಿತು.

"ಅಷ್ಟು ಹೆದರಿಕೆಯಾಯ್ತಾ ಅಕ್ಕ, ಸೂಜಿಗೆ?"

"ಸೂಜಿಗಲ್ಲ ಕಣೇ," ಎಂದಳು ಅಕ್ಕ. "ನೀನೆಲ್ಲಿ ಎದ್ದು ಹೋಗಿಬಿಡ್ತೀಯೋ ಅಂತ."